ಚಾರ್ಲಿ ಗಾರ್ಡಿನರ್, ಐಸ್ ಹಾಕಿಯ ಮರೆತುಹೋದ ಗೋಲ್‌ಕೀಪರ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಚಾರ್ಲಿ ಗಾರ್ಡಿನರ್? ಹೆಸರೇ ಕೇಳಿಲ್ಲವಲ್ಲ.

ಕೇಳದಿದ್ದರೆ ಆಶ್ಚರ್ಯವಿಲ್ಲ. ಐಸ್ ಹಾಕಿ ನೋಡುವವರಲ್ಲೂ ತುಂಬಾ ಜನರಿಗೆ ಇವನ ಹೆಸರು ಗೊತ್ತಿಲ್ಲ. ಗಾರ್ಡಿನರ್ 1927ರಿಂದ 1934ರವರೆಗೆ ಏಳು ಸೀಸನ್ ಶಿಕಾಗೊ ಬ್ಲಾಕ್ ಹಾಕ್ಸ್ ತಂಡದ ಗೋಲು ಕಾದವನು. ಆಡಿದ್ದು ನ್ಯಾಷನಲ್ ಹಾಕಿ ಲೀಗ್‌ನಲ್ಲಿ. ಎಲ್ಲರೂ ಎನ್‌ಎಚ್‌ಎಲ್ ಅನ್ನುವ, ಅಮೆರಿಕ ಮತ್ತು ಕೆನಡಾದ ತಂಡಗಳು ಸೇರಿ ಆಡುವ ಲೀಗ್ ಅದು. ಅದರ ದೊಡ್ಡ ಬಹುಮಾನ ಸ್ಟ್ಯಾನ್ಲಿ ಕಪ್.

ಎನ್‌ಎಚ್‌ಎಲ್ ಇತಿಹಾಸದಲ್ಲಿ ಗೋಲ್‌ಕೀಪರ್ ಒಬ್ಬ ಕ್ಯಾಪ್ಟನ್ ಆಗಿದ್ದು ಸ್ಟ್ಯಾನ್ಲಿ ಕಪ್ ಗೆದ್ದದ್ದು ಒಂದೇ ಸಲ. 1934ರಲ್ಲಿ. ಆ ಕ್ಯಾಪ್ಟನ್ ಇವನೇ. ಕಪ್ ಗೆದ್ದು ಎರಡು ತಿಂಗಳು ಕಳೆಯುತ್ತಲೇ ತೀರಿಕೊಂಡ. ಆಗ ಅವನಿಗೆ 29 ವರ್ಷ.

ಇದು ನಾವು ನೋಡುವ ಹಾಕಿಯೇ?

ಅಲ್ಲ. ಹಾಕಿ ಅಂದ ಕೂಡಲೇ ನಮಗೆ ಕೊಡಗು ನೆನಪಾಗುತ್ತದೆ, ಮೈದಾನ ನೆನಪಾಗುತ್ತದೆ. ಇದು ಮಂಜುಗಡ್ಡೆಯ ಮೇಲೆ, ಸ್ಕೇಟ್ ಹಾಕಿಕೊಂಡು ಆಡುವ ಆಟ. ಗೋಲ್‌ಕೀಪರ್ ಸೇರಿ ಒಂದು ತಂಡದಿಂದ ಆರು ಜನ ಇಳಿಯುತ್ತಾರೆ. ಚೆಂಡು ಇಲ್ಲ, ಪಕ್ ಇದೆ. ಅದು 3 ಇಂಚು ಅಗಲ, 1 ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ತೂಕ ಹೆಚ್ಚುಕಮ್ಮಿ ಕ್ರಿಕೆಟ್ ಚೆಂಡಿನಷ್ಟು. ಗೋಲಿನ ಬಾಯಿ 6 ಅಡಿ ಅಗಲ, 4 ಅಡಿ ಎತ್ತರ. ಆಟ 20 ನಿಮಿಷದ ಮೂರು ಭಾಗಗಳಲ್ಲಿ ನಡೆಯುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನದ್ದೆಲ್ಲ ಅರ್ಥವಾಗುತ್ತದೆ.

ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ ಅಂತಾರೆ. ಮತ್ತೆ ಕೆನಡಾ ಹೇಗೆ?

ಹುಟ್ಟಿದ್ದು ಎಡಿನ್‌ಬರೋದಲ್ಲಿ, 1904ರ ಡಿಸೆಂಬರ್ 31ರಂದು. 1911ರಲ್ಲಿ ಮನೆಯವರೆಲ್ಲ ಕೆನಡಾಕ್ಕೆ ವಲಸೆ ಹೋಗಿ ವಿನಿಪೆಗ್ ಊರಿನಲ್ಲಿ ನೆಲೆಸಿದರು. ಆ ಕಾಲದಲ್ಲಿ ಬ್ರಿಟನ್ನಿನಿಂದ ಹಾಗೆ ಹೋದ ಕುಟುಂಬಗಳು ಲೆಕ್ಕವಿಲ್ಲದಷ್ಟು.

ವಿನಿಪೆಗ್‌ನ ಚಳಿಗಾಲ ಅಂದರೆ ತಮಾಷೆಯಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿ ಮಾಮೂಲು. ಅಲ್ಲಿನ ಮಕ್ಕಳು ನಡೆಯಲು ಕಲಿಯುತ್ತಲೇ ಸ್ಕೇಟ್ ಕಟ್ಟಿಕೊಳ್ಳುತ್ತಾರೆ. ಚಾರ್ಲಿ ಏಳರ ಹತ್ತಿರ ಬಂದಾಗ ಆ ಊರಿಗೆ ಕಾಲಿಟ್ಟವನು. ಉಳಿದ ಹುಡುಗರ ಸಮಕ್ಕೆ ಸ್ಕೇಟ್ ಮಾಡಲು ಬರಲಿಲ್ಲ. ಹಾಗಾಗಿ ಗೋಲಿನ ಮುಂದೆ ನಿಲ್ಲಿಸಿದರು. ಗಲ್ಲಿ ಆಟದಲ್ಲಿ ಎಲ್ಲ ಕಡೆ ನಡೆಯುವುದು ಇದೇ ಅಲ್ವಾ? ಓಡಲು ಬಾರದವನಿಗೆ ಕೀಪಿಂಗ್.

ಬಯಲಿನ ರಿಂಕ್‌ನಲ್ಲಿ, ಅಂದರೆ ಆಟ ನಡೆಯುವ ಮಂಜುಗಡ್ಡೆಯ ಅಂಗಳದಲ್ಲಿ, ಸುಮ್ನೆ ನಿಂತರೆ ಮೈ ಮರಗಟ್ಟುತ್ತದೆ. ಆ ಚಳಿ ತಾಳಲಾರದೆ ಸದಾ ಆ ಕಡೆ ಈ ಕಡೆ ಅಲುಗಾಡುತ್ತಲೇ ಇರುತ್ತಿದ್ದ, ಮುಂದೆ ಅದೇ ಅವನ ಶೈಲಿಯಾಯಿತು ಅಂತ ಒಂದು ಮಾತಿದೆ. ಎಷ್ಟು ನಿಜವೋ. ಅವನ ಆಟವನ್ನು ಬಣ್ಣಿಸಿದವರೆಲ್ಲ ಒಪ್ಪುವುದು ಇಷ್ಟು: ನಿಂತಲ್ಲೇ ಕಂಬದ ಹಾಗೆ ನಿಲ್ಲುವ ಗೋಲ್‌ಕೀಪರ್ ಇವನಾಗಿರಲಿಲ್ಲ. ಮುಂದಕ್ಕೆ ನುಗ್ಗಿ ಬಂದು, ಹೊಡೆಯುವವನಿಗೆ ಗೋಲು ಕಾಣುವ ಜಾಗವನ್ನೇ ಕಿರಿದು ಮಾಡುತ್ತಿದ್ದ. ಬೇಕಾದಾಗ ಮೈಚಾಚಿ ಬೀಳುತ್ತಿದ್ದ.

ಎನ್‌ಎಚ್‌ಎಲ್‌ಗೆ ಬರುವ ಮುಂಚೆ ಎಲ್ಲಿ ಆಡುತ್ತಿದ್ದ?

ಮೊದಲು ವಿನಿಪೆಗ್‌ನ ಜೂನಿಯರ್ ತಂಡ. 1924–25ರಲ್ಲಿ ಹತ್ತಿರದ ಸೆಲ್ಕರ್ಕ್ ಊರಿನ ಫಿಷರ್‌ಮೆನ್ ತಂಡ. ಆಮೇಲೆ ಎರಡು ವರ್ಷ ವಿನಿಪೆಗ್ ಮರೂನ್ಸ್. 1927ರಲ್ಲಿ ಶಿಕಾಗೊ ಕರೆಸಿಕೊಂಡಿತು.

ಶಿಕಾಗೊ ತಂಡ ಆಗ ಹೇಗಿತ್ತು?

ಕೆಟ್ಟದಾಗಿತ್ತು. ತಂಡ ಹುಟ್ಟಿದ್ದೇ 1926ರಲ್ಲಿ. ಮಾಲೀಕ ಮೇಜರ್ ಫ್ರೆಡರಿಕ್ ಮೆಕ್ಲಾಫ್ಲಿನ್, ಕಾಫಿ ವ್ಯಾಪಾರದಲ್ಲಿ ದುಡ್ಡು ಮಾಡಿದ ಮನೆತನದವನು. ಕೋಚ್‌ಗಳನ್ನು ಬದಲಾಯಿಸುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ.

ಗಾರ್ಡಿನರ್ ತನ್ನ ಮೊದಲ ಸೀಸನ್‌ನಲ್ಲಿ 40 ಪಂದ್ಯ ಆಡಿದ. ಗೆದ್ದದ್ದು 6, ಸೋತದ್ದು 32. ಎರಡನೇ ವರ್ಷ ಇನ್ನೂ ವಿಚಿತ್ರ. 1928–29ರಲ್ಲಿ ಬ್ಲಾಕ್ ಹಾಕ್ಸ್ 44 ಪಂದ್ಯಗಳಲ್ಲಿ ಹೊಡೆದ ಒಟ್ಟು ಗೋಲುಗಳು ಕೇವಲ 33. ಪಂದ್ಯಕ್ಕೆ ಒಂದು ಗೋಲೂ ಬೀಳಲಿಲ್ಲ. ಅದರಲ್ಲೂ ಸತತ ಎಂಟು ಪಂದ್ಯ ಒಂದೇ ಒಂದು ಗೋಲು ಹೊಡೆಯದೆ ಕಳೆದರು. 44ರಲ್ಲಿ 20 ಪಂದ್ಯಗಳಲ್ಲಿ ಅವರ ಲೆಕ್ಕ ಸೊನ್ನೆ.

ಈಗ ಆ ಗೋಲ್‌ಕೀಪರ್ ಜಾಗದಲ್ಲಿ ನಿಂತು ಯೋಚಿಸಿ. ನೀವು ಒಂದೇ ಒಂದು ಗೋಲು ಬಿಟ್ಟರೆ ಪಂದ್ಯ ಹೋಯಿತು. ಆ ವರ್ಷ ಅವನು ಬಿಟ್ಟ ಗೋಲುಗಳ ಸರಾಸರಿ ಪಂದ್ಯಕ್ಕೆ 1.85. ಒಳ್ಳೆಯ ಲೆಕ್ಕವೇ. ಆದರೂ ಗೆದ್ದದ್ದು 7, ಸೋತದ್ದು 29, ಡ್ರಾ 8.

1.85 ಅಂದರೆ ಅದ್ಭುತವೇ? ಆ ಕಾಲದಲ್ಲಿ ಎಲ್ಲರದ್ದೂ ಕಡಿಮೆ ಇತ್ತಲ್ಲ?

ಸರಿಯಾದ ಪ್ರಶ್ನೆ. ಆ ವರ್ಷ ಇಡೀ ಲೀಗ್‌ನಲ್ಲೇ ಗೋಲಿಗೆ ಬರ ಬಂದಿತ್ತು. ಎದುರಾಳಿಯ ವಲಯದಲ್ಲಿ ಪಕ್ ಅನ್ನು ಮುಂದಕ್ಕೆ ಪಾಸ್ ಮಾಡುವಂತಿರಲಿಲ್ಲ. ಹಾಗಾಗಿ ಗೋಲು ಹೊಡೆಯುವುದು ತುಂಬಾ ಕಷ್ಟ. ಅದೇ ಸೀಸನ್‌ನಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್‌ನ ಜಾರ್ಜ್ ಹೇನ್ಸ್‌ವರ್ತ್ 44 ಪಂದ್ಯಗಳಲ್ಲಿ 22 ಶಟ್‌ಔಟ್ ಮಾಡಿದ. ಶಟ್‌ಔಟ್ ಅಂದರೆ ಇಡೀ ಪಂದ್ಯ ಒಂದೂ ಗೋಲು ಬಿಡದಿರುವುದು. ಅವನ ಸರಾಸರಿ 0.92. ಅದರ ಪಕ್ಕ ಇಟ್ಟರೆ 1.85 ಸಾಧಾರಣವಾಗಿಯೇ ಕಾಣುತ್ತದೆ.

ಹಾಗಾಗಿ ಗಾರ್ಡಿನರ್‌ನನ್ನು ಅಳೆಯಬೇಕಾದದ್ದು ಮುಂದಿನ ವರ್ಷಗಳಲ್ಲಿ. 1929–30ರಲ್ಲಿ ಲೀಗ್ ನಿಯಮ ಬದಲಾಯಿಸಿತು. ಮುಂದಕ್ಕೆ ಪಾಸ್ ಮಾಡಲು ಎಲ್ಲ ವಲಯಗಳಲ್ಲೂ ಅವಕಾಶ ಸಿಕ್ಕಿತು. ಗೋಲುಗಳ ಸುರಿಮಳೆಯಾಯಿತು. ಎಲ್ಲ ಗೋಲ್‌ಕೀಪರ್‌ಗಳ ಸರಾಸರಿಯೂ ಏರಿತು, ಇವನದ್ದೂ ಏರಿತು. ಅದರ ಮುಂದಿನ ವರ್ಷ, 1930–31ರಲ್ಲಿ, ಹೊಸ ನಿಯಮದಡಿಯಲ್ಲೇ ಇವನು ಸರಾಸರಿಯನ್ನು 1.73ಕ್ಕೆ ಇಳಿಸಿದ. 12 ಶಟ್‌ಔಟ್ ಮಾಡಿದ. ನನ್ನ ಕೇಳಿದರೆ ಅವನ ದೊಡ್ಡತನ ತಿಳಿಯುವುದು ಇಲ್ಲಿ. ಆ ವರ್ಷ ಶಿಕಾಗೊ ಫೈನಲ್‌ವರೆಗೂ ಹೋಗಿ, ಐದು ಪಂದ್ಯಗಳ ಸರಣಿಯಲ್ಲಿ ಕೆನೇಡಿಯನ್ಸ್‌ಗೆ 3–2ರಿಂದ ಸೋತಿತು.

ಒಟ್ಟು ಲೆಕ್ಕದಲ್ಲಿ ಗೆಲುವಿಗಿಂತ ಸೋಲೇ ಜಾಸ್ತಿ ಇದೆ. ಮತ್ತೆ ಯಾಕೆ ಇಷ್ಟು ಹೊಗಳಿಕೆ?

ಈ ಪ್ರಶ್ನೆ ತುಂಬಾ ಸಲ ಬರುತ್ತದೆ. ಲೆಕ್ಕ ಹೀಗಿದೆ: 316 ಪಂದ್ಯ, 112 ಗೆಲುವು, 152 ಸೋಲು, 52 ಡ್ರಾ. 42 ಶಟ್‌ಔಟ್. ಸರಾಸರಿ 2.02.

152 ಸೋಲುಗಳಲ್ಲಿ 61 ಬಂದದ್ದು ಮೊದಲ ಎರಡೇ ವರ್ಷಗಳಲ್ಲಿ. ಆ ಎರಡು ವರ್ಷ ತೆಗೆದು ನೋಡಿ. ಉಳಿದ ಐದು ಸೀಸನ್‌ಗಳಲ್ಲಿ 99 ಗೆಲುವು, 91 ಸೋಲು. ಆಗಲೂ ತಂಡ ಗೋಲು ಹೊಡೆಯುವುದರಲ್ಲಿ ಹಿಂದೆಯೇ ಇತ್ತು. ಕಪ್ ಗೆದ್ದ 1933–34ರಲ್ಲೂ ಶಿಕಾಗೊ 48 ಪಂದ್ಯಗಳಲ್ಲಿ ಹೊಡೆದದ್ದು 88 ಗೋಲು, ಇಡೀ ಲೀಗ್‌ನಲ್ಲೇ ಅತಿ ಕಡಿಮೆ. ಬಿಟ್ಟದ್ದು 83, ಅದೂ ಲೀಗ್‌ನಲ್ಲಿ ಅತಿ ಕಡಿಮೆ. ಇಂಥ ತಂಡ ಕಪ್ ಗೆದ್ದದ್ದು ಯಾರ ದೆಸೆಯಿಂದ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಗೋಲ್‌ಕೀಪರ್ ಹೆಸರಿನ ಮುಂದೆ ಗೆಲುವು ಸೋಲು ಬರೆಯುವ ಪದ್ಧತಿಯೇ ನನಗೆ ಅಷ್ಟು ಹಿಡಿಸುವುದಿಲ್ಲ. ಆ ಕಾಲದ ಜನ ಲೆಕ್ಕ ನೋಡಿ ಮೋಸಹೋಗಲಿಲ್ಲ ಅನ್ನುವುದು ಸಮಾಧಾನ. ಆ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿಗೆ ಆಲ್‌ಸ್ಟಾರ್ ತಂಡ ಅನ್ನುತ್ತಾರೆ. 1931, 1932 ಮತ್ತು 1934ರಲ್ಲಿ ಲೀಗ್‌ನ ಮೊದಲ ಆಲ್‌ಸ್ಟಾರ್ ತಂಡಕ್ಕೆ ಇವನನ್ನೇ ಆರಿಸಿದರು. 1933ರಲ್ಲಿ ಎರಡನೇ ಆಲ್‌ಸ್ಟಾರ್ ತಂಡಕ್ಕೆ. 1932 ಮತ್ತು 1934ರಲ್ಲಿ ವೆಜಿನಾ ಟ್ರೋಫಿ ಸಿಕ್ಕಿತು.

ವೆಜಿನಾ ಟ್ರೋಫಿ ಅಂದರೇನು?

ಗೋಲ್‌ಕೀಪರ್‌ಗಳ ಪ್ರಶಸ್ತಿ. ಆಗ ಅದಕ್ಕೆ ಮತ ಹಾಕುತ್ತಿರಲಿಲ್ಲ. ಸೀಸನ್‌ನಲ್ಲಿ ಅತಿ ಕಡಿಮೆ ಗೋಲು ಬಿಟ್ಟ ತಂಡದ ಗೋಲ್‌ಕೀಪರ್‌ಗೆ ಕೊಡುತ್ತಿದ್ದರು. ಹೆಸರು ಕೆನೇಡಿಯನ್ಸ್‌ನ ಜಾರ್ಜ್ ವೆಜಿನಾನದ್ದು. ಅವನು 1925ರ ನವೆಂಬರ್‌ನಲ್ಲಿ ಜ್ವರದಲ್ಲೇ ಆಡಲು ಇಳಿದು, ಪಂದ್ಯ ಮುಗಿಸಲಾಗದೆ ಹೊರಹೋದ. 1926ರ ಮಾರ್ಚ್‌ನಲ್ಲಿ ಕ್ಷಯರೋಗದಿಂದ ತೀರಿಕೊಂಡ. ಅವನ ಹೆಸರಿನ ಪ್ರಶಸ್ತಿಯನ್ನು ಎರಡು ಸಲ ಗೆದ್ದ ಗಾರ್ಡಿನರ್‌ನದ್ದೂ ಹೆಚ್ಚುಕಮ್ಮಿ ಅದೇ ಕಥೆಯಾಯಿತು.

ಮಾಸ್ಕ್ ಇಲ್ಲದೆ ಆಡುತ್ತಿದ್ದರಾ?

ಹೌದು. ಮುಖಕ್ಕೆ ಏನೂ ಇಲ್ಲ. 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಅನ್ನುವ ಗೋಲ್‌ಕೀಪರ್ ಮುಖಕ್ಕೆ ಪೆಟ್ಟು ಬಿದ್ದ ಮೇಲೆ ಕೆಲವು ಪಂದ್ಯ ಚರ್ಮದ ಮಾಸ್ಕ್ ಹಾಕಿ ನೋಡಿದ, ಸರಿಹೋಗಲಿಲ್ಲ ಅಂತ ಬಿಟ್ಟ. ಮಾಸ್ಕ್ ಖಾಯಂ ಆದದ್ದು 1959ರ ನವೆಂಬರ್ 1ರ ನಂತರ. ಅಂದು ಜಾಕ್ ಪ್ಲಾಂಟ್ ಅನ್ನುವ ಗೋಲ್‌ಕೀಪರ್ ಮುಖಕ್ಕೆ ಹೊಲಿಗೆ ಹಾಕಿಸಿಕೊಂಡು, ಮಾಸ್ಕ್ ಇಲ್ಲದೆ ಮತ್ತೆ ಇಳಿಯುವುದಿಲ್ಲ ಅಂತ ಹಟ ಹಿಡಿದ. ಪಕ್ ಹಿಡಿಯಲು ಈಗಿರುವ ದೊಡ್ಡ ಗ್ಲೌಸ್ ಕೂಡ ಗಾರ್ಡಿನರ್ ಕಾಲದಲ್ಲಿ ಇರಲಿಲ್ಲ.

ಇನ್ನೊಂದು ವಿಷಯ. ಆಗ ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಬದಲಿ ಆಟಗಾರ ಬೆಂಚಿನಲ್ಲಿ ಕೂತಿರುತ್ತಿರಲಿಲ್ಲ. ಪೆಟ್ಟಾಗಲಿ, ಜ್ವರ ಬರಲಿ, ಅವನೇ ನಿಲ್ಲಬೇಕು. 1928ರ ಫೈನಲ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್‌ನ ಲೋರ್ನ್ ಶಾಬೋ ಕಣ್ಣಿಗೆ ಪಕ್ ಬಡಿದಾಗ, 44 ವರ್ಷದ ಕೋಚ್ ಲೆಸ್ಟರ್ ಪ್ಯಾಟ್ರಿಕ್ ತಾನೇ ಪ್ಯಾಡ್ ಕಟ್ಟಿಕೊಂಡು ಗೋಲಿಗೆ ನಿಂತಿದ್ದ. ಪಂದ್ಯವನ್ನು ಗೆದ್ದೂ ಬಿಟ್ಟರು. ಈ ಶಾಬೋ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಗೋಲ್‌ಕೀಪರ್ ಕ್ಯಾಪ್ಟನ್ ಆಗುವುದು ಅಷ್ಟು ಅಪರೂಪವೇ?

ಗಾರ್ಡಿನರ್ ಕಾಲದಲ್ಲಿ ಅಲ್ಲೊಂದು ಇಲ್ಲೊಂದು ನಡೆಯುತ್ತಿತ್ತು. ಹೇನ್ಸ್‌ವರ್ತ್, ರಾಯ್ ವರ್ಟರ್ಸ್, ಅಲೆಕ್ ಕಾನೆಲ್ ಕೂಡ ಒಂದೊಂದು ಸೀಸನ್ ಕ್ಯಾಪ್ಟನ್ ಆಗಿದ್ದರು. 1933–34ಕ್ಕೆ ಶಿಕಾಗೊ ಆಟಗಾರರು ಗಾರ್ಡಿನರ್‌ನನ್ನು ಆರಿಸಿಕೊಂಡರು.

ಆಮೇಲೆ ಬಾಗಿಲು ಮುಚ್ಚಿತು. 1947–48ರಲ್ಲಿ ಕೆನೇಡಿಯನ್ಸ್ ಗೋಲ್‌ಕೀಪರ್ ಬಿಲ್ ಡರ್ನನ್ ಕ್ಯಾಪ್ಟನ್ ಆಗಿದ್ದ. ಅಂಪೈರ್ ಜೊತೆ ವಾದ ಮಾಡಲು ಅವನು ಗೋಲು ಬಿಟ್ಟು ರಿಂಕ್ ಮಧ್ಯಕ್ಕೆ ಬರುವುದು, ಅದರಿಂದ ಆಟ ನಿಲ್ಲುವುದು, ಬೇರೆ ತಂಡಗಳು ದೂರುವುದು. ಕೊನೆಗೆ ಗೋಲ್‌ಕೀಪರ್ ಕ್ಯಾಪ್ಟನ್ ಕೆಲಸ ಮಾಡುವಂತಿಲ್ಲ ಅಂತ ಲೀಗ್ ನಿಯಮ ಮಾಡಿತು. 2008ರಲ್ಲಿ ವ್ಯಾಂಕೂವರ್ ತಂಡ ರಾಬರ್ಟೊ ಲುವಾಂಗೊನನ್ನು ಕ್ಯಾಪ್ಟನ್ ಅಂದಿತು. ಅವನು ಜೆರ್ಸಿ ಮೇಲೆ ಕ್ಯಾಪ್ಟನ್ ಗುರುತು ಹಾಕುವಂತಿರಲಿಲ್ಲ, ಮಾಸ್ಕ್ ಮೇಲೆ ಬರೆಸಿಕೊಂಡ. 2010ರಲ್ಲಿ ಆ ಸ್ಥಾನ ಬಿಟ್ಟ. ಈಗಿನ ನಿಯಮ ಇರುವವರೆಗೂ ಗಾರ್ಡಿನರ್ ದಾಖಲೆಗೆ ಜೊತೆಗಾರ ಸಿಗುವುದು ಕಷ್ಟ.

1934ರ ಫೈನಲ್‌ನಲ್ಲಿ ನಿಜವಾಗಿ ಏನಾಯಿತು?

ಎದುರಾಳಿ ಡೆಟ್ರಾಯ್ಟ್ ರೆಡ್ ವಿಂಗ್ಸ್. ಐದರಲ್ಲಿ ಮೂರು ಗೆದ್ದವರಿಗೆ ಕಪ್. ಅಷ್ಟು ಹೊತ್ತಿಗೆ ಗಾರ್ಡಿನರ್ ಮೈ ಹದಗೆಟ್ಟಿತ್ತು. ಆ ಚಳಿಗಾಲದಲ್ಲಿ ಗಂಟಲು ನೋವು ಶುರುವಾಗಿತ್ತು. ಸೋಂಕು ಮೂತ್ರಪಿಂಡದವರೆಗೆ ಹೋಗಿತ್ತು. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಬರುತ್ತಿದ್ದವು. ಆಟ ನಿಂತಾಗಲೆಲ್ಲ ಗೋಲಿನ ಮೇಲ್ಕಂಬಿಗೆ ಒರಗಿ ಬಾಗಿ ನಿಲ್ಲುತ್ತಿದ್ದ. ಆಟ ಶುರುವಾದ ಕೂಡಲೇ ಮತ್ತೆ ಸೆಟೆದು ನಿಲ್ಲುತ್ತಿದ್ದ.

ಮೊದಲ ಎರಡು ಪಂದ್ಯ ಡೆಟ್ರಾಯ್ಟ್‌ನಲ್ಲಿ. ಶಿಕಾಗೊ 2–1 ಮತ್ತು 4–1ರಿಂದ ಗೆದ್ದಿತು. ಅದರಲ್ಲಿ ಮೊದಲನೆಯದು ಎರಡನೇ ಓವರ್‌ಟೈಮ್‌ವರೆಗೂ ಎಳೆಯಿತು. ಓವರ್‌ಟೈಮ್ ಅಂದರೆ ಸಮ ಆದಾಗ ಗೋಲು ಬೀಳುವವರೆಗೂ ಆಡಿಸುವ ಹೆಚ್ಚುವರಿ ಆಟ. ಮೂರನೇ ಪಂದ್ಯಕ್ಕೆ ಸ್ವಂತ ಊರಿಗೆ ಬಂದರು. ಅಲ್ಲಿ ಗಾರ್ಡಿನರ್‌ಗೆ ಆಗಲಿಲ್ಲ. ಡೆಟ್ರಾಯ್ಟ್ 5–2ರಿಂದ ಗೆದ್ದಿತು. ಆ ಪ್ಲೇಆಫ್‌ನ, ಅಂದರೆ ಸೀಸನ್ ಮುಗಿದ ಮೇಲೆ ಕಪ್‌ಗಾಗಿ ಆಡುವ ಸುತ್ತಿನ, ಎಂಟು ಪಂದ್ಯಗಳಲ್ಲಿ ಅವನು ಬಿಟ್ಟ ಒಟ್ಟು ಗೋಲು 12. ಅದರಲ್ಲಿ ಐದು ಆ ಒಂದೇ ರಾತ್ರಿ.

ನಾಲ್ಕನೇ ಪಂದ್ಯ 1934ರ ಏಪ್ರಿಲ್ 10ರಂದು, ಶಿಕಾಗೊ ಸ್ಟೇಡಿಯಂನಲ್ಲಿ. ಒಂದೇ ಒಂದು ಗೋಲು ಹೊಡೆದುಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂಬರ್ಥದ ಮಾತನ್ನು ಅವನು ಜೊತೆಯವರಿಗೆ ಹೇಳಿದ ಅಂತ ಕಥೆ. ಹೇಳಿದನೋ ಇಲ್ಲವೋ, ನಡೆದದ್ದು ಅದೇ. ಮೂರೂ ಭಾಗ ಮುಗಿದವು, 0–0. ಒಂದು ಓವರ್‌ಟೈಮ್ ಪೂರ್ತಿ ಮುಗಿಯಿತು, 0–0. ಎರಡನೇ ಓವರ್‌ಟೈಮ್‌ನ 10 ನಿಮಿಷ 5ನೇ ಸೆಕೆಂಡಿಗೆ ಶಿಕಾಗೊ ಆಟಗಾರ ಮಷ್ ಮಾರ್ಚ್ ಗೋಲು ಹೊಡೆದ. ಒಟ್ಟು 90 ನಿಮಿಷ 5 ಸೆಕೆಂಡ್ ಆಟ. ಕಾಯಿಲೆಯ ಮೈಯಲ್ಲಿ, ಬದಲಿ ಇಲ್ಲದೆ, ಗಾರ್ಡಿನರ್ ಒಂದೂ ಗೋಲು ಬಿಡಲಿಲ್ಲ. ಶಿಕಾಗೊಗೆ ಅದು ಮೊದಲ ಸ್ಟ್ಯಾನ್ಲಿ ಕಪ್.

ಒಂದು ಅಡ್ಡಮಾತು. ಆ ಕಡೆ ಡೆಟ್ರಾಯ್ಟ್ ಗೋಲು ಕಾಯುತ್ತಿದ್ದವನು ವಿಲ್ಫ್ ಕ್ಯೂಡ್. ಅವನು ಹುಟ್ಟಿದ್ದು ವೇಲ್ಸ್‌ನಲ್ಲಿ, ಬೆಳೆದದ್ದು ವಿನಿಪೆಗ್‌ನಲ್ಲಿ. ಬ್ರಿಟನ್ನಿನಲ್ಲಿ ಹುಟ್ಟಿ ಒಂದೇ ಊರಿನಲ್ಲಿ ಬೆಳೆದ ಇಬ್ಬರು ಅಂದು ಎದುರುಬದುರು ನಿಂತಿದ್ದರು.

ಕೈಗಾಡಿ ಮೆರವಣಿಗೆ ನಿಜವಾಗಿ ನಡೆಯಿತಾ?

ನಡೆಯಿತು. ರಕ್ಷಣಾ ಆಟಗಾರ ರೋಜರ್ ಜೆಂಕಿನ್ಸ್ ಮುಂಚೆಯೇ ಗಾರ್ಡಿನರ್‌ಗೆ ಮಾತು ಕೊಟ್ಟಿದ್ದ. ಕಪ್ ಗೆದ್ದರೆ ನಿನ್ನನ್ನು ಕೈಗಾಡಿಯಲ್ಲಿ ಕೂರಿಸಿ ಊರು ಸುತ್ತಿಸುತ್ತೇನೆ ಅಂತ. ಗೆದ್ದ ಮೇಲೆ ಶಿಕಾಗೊ ಪೇಟೆಯ ಮಧ್ಯಭಾಗವಾದ ಲೂಪ್‌ನಲ್ಲಿ, ಇಟ್ಟಿಗೆ ಮಣ್ಣು ಸಾಗಿಸುವ ಒಂಟಿ ಚಕ್ರದ ಗಾಡಿಯಲ್ಲಿ ಕ್ಯಾಪ್ಟನ್‌ನನ್ನು ತಳ್ಳಿಕೊಂಡು ಹೋದ. ಪಂಥ ಕಟ್ಟಿದರೆ ಹೀಗೆ ತೀರಿಸಬೇಕು.

ಸತ್ತದ್ದು ಆಟದಲ್ಲಿ ಬಿದ್ದ ಪೆಟ್ಟಿನಿಂದಲೇ?

ಅಲ್ಲ. ಹಲವರು ಹಾಗೆ ಅಂದುಕೊಂಡಿದ್ದಾರೆ. ಸೀಸನ್ ಮುಗಿಸಿ ವಿನಿಪೆಗ್‌ಗೆ ಮರಳಿದ. ಜೂನ್‌ನಲ್ಲಿ ಕುಸಿದುಬಿದ್ದ, ಪ್ರಜ್ಞೆ ಹೋಯಿತು. 1934ರ ಜೂನ್ 13ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡ. ಮೂಲ ಆ ಟಾನ್ಸಿಲ್ ಸೋಂಕು. ಹೆಂಡತಿ ಮತ್ತು ಪುಟ್ಟ ಮಗ ಉಳಿದರು.

ಗಂಟಲು ಸೋಂಕಿಗೆ ಯಾರಾದರೂ ಸಾಯುತ್ತಾರಾ ಅಂತ ಈಗ ಅನ್ನಿಸುತ್ತದೆ. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ, ಆದರೆ ಜನರ ಕೈಗೆ ಬಂದದ್ದು 1940ರ ದಶಕದಲ್ಲಿ. ಗಂಟಲಿನಲ್ಲಿ ಕೂತ ಸೋಂಕು ಮೂತ್ರಪಿಂಡಕ್ಕೆ ಇಳಿದರೆ 1934ರಲ್ಲಿ ವೈದ್ಯರ ಬಳಿ ದೊಡ್ಡ ಮದ್ದೇನೂ ಇರಲಿಲ್ಲ. ವಿಶ್ರಾಂತಿ ತೆಗೆದುಕೊಂಡಿದ್ದರೆ ಉಳಿಯುತ್ತಿದ್ದನೇ? ಅದನ್ನು ಹೇಳಲಾಗದು. ಆದರೆ ಬದಲಿ ಗೋಲ್‌ಕೀಪರ್ ಇಲ್ಲದ ಆ ಪದ್ಧತಿ ಅವನಿಗೆ ವಿಶ್ರಾಂತಿಯ ದಾರಿಯನ್ನೇ ಇಟ್ಟಿರಲಿಲ್ಲ.

ಮನುಷ್ಯ ಹೇಗಿದ್ದ?

ಮಾತುಗಾರ. ಆಟದ ನಡುವೆ ಜೊತೆಯವರಿಗೆ ಕೂಗಿ ಹೇಳುತ್ತಿದ್ದ, ಗೋಲಿನ ಹಿಂದೆ ಕೂತ ಪ್ರೇಕ್ಷಕರ ಜೊತೆ ತಮಾಷೆ ಮಾಡುತ್ತಿದ್ದ. ಒಮ್ಮೆ ಯಾರೋ ಟೋಪಿಯನ್ನು ರಿಂಕ್‌ಗೆ ಎಸೆದಾಗ ಅದನ್ನೇ ತಲೆಗೆ ಹಾಕಿಕೊಂಡು ಆಡಿದ ಅಂತ ಹೇಳುತ್ತಾರೆ. ಹಾಡುತ್ತಿದ್ದ ಕೂಡ, ಒಳ್ಳೆಯ ಗಂಭೀರ ಕಂಠ. ಸಂಗೀತ ಪಾಠಕ್ಕೂ ಹೋಗುತ್ತಿದ್ದ. ಗಾಲ್ಫ್, ಬಂದೂಕು ಗುರಿ, ವಿಮಾನ ಹಾರಿಸುವ ಹುಚ್ಚು ಎಲ್ಲ ಇದ್ದವು.

ಏಸ್ ಬೇಲಿ ಪಂದ್ಯದಲ್ಲಿ ಆಡಿದವನೂ ಇವನೇನಾ?

ಹೌದು. 1933ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನ ಎಡ್ಡಿ ಶೋರ್ ಹಿಂದಿನಿಂದ ಬೀಳಿಸಿದಾಗ ಟೊರೊಂಟೊ ಆಟಗಾರ ಏಸ್ ಬೇಲಿಯ ತಲೆಬುರುಡೆ ಬಿರುಕುಬಿಟ್ಟಿತು. ಜೀವ ಉಳಿಯಿತು, ಆಟ ಮುಗಿಯಿತು. ಅವನ ಸಹಾಯಕ್ಕಾಗಿ 1934ರ ಫೆಬ್ರವರಿ 14ರಂದು ಟೊರೊಂಟೊ ತಂಡ ಲೀಗ್‌ನ ಆಲ್‌ಸ್ಟಾರ್‌ಗಳ ಎದುರು ಆಡಿತು. ಆಲ್‌ಸ್ಟಾರ್ ಗೋಲಿನಲ್ಲಿ ಗಾರ್ಡಿನರ್. 7–3ರಿಂದ ಸೋತರು.

ಹಾಲ್ ಆಫ್ ಫೇಮ್‌ನಲ್ಲಿ ಇದ್ದಾನಾ?

ಇದ್ದಾನೆ. 1945ರಲ್ಲಿ ಮೊತ್ತಮೊದಲ ಸಲ ಆರಿಸಿದ ಪಟ್ಟಿಯಲ್ಲೇ ಅವನ ಹೆಸರಿತ್ತು.

ಅವನ ನಂತರ ಶಿಕಾಗೊ ಏನು ಮಾಡಿತು?

ಗೋಲ್‌ಕೀಪರ್ ಹುಡುಕಿತು. 1934ರ ಅಕ್ಟೋಬರ್‌ನಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ಜೊತೆ ದೊಡ್ಡ ಅದಲುಬದಲು ನಡೆಯಿತು. ಶಿಕಾಗೊಗೆ ಬಂದವರಲ್ಲಿ ಒಬ್ಬ ಅದೇ ಲೋರ್ನ್ ಶಾಬೋ, 1928ರಲ್ಲಿ ಕಣ್ಣಿಗೆ ಪೆಟ್ಟು ತಿಂದವನು. ಗಾರ್ಡಿನರ್ ಜಾಗದಲ್ಲಿ ನಿಂತು ಆ ವರ್ಷದ ವೆಜಿನಾ ಟ್ರೋಫಿಯನ್ನೂ ಗೆದ್ದ. ಬದಲಿಗೆ ಶಿಕಾಗೊ ಬಿಟ್ಟುಕೊಟ್ಟ ಮೂವರಲ್ಲಿ ಒಬ್ಬ, ಕೈಗಾಡಿ ತಳ್ಳಿದ ರೋಜರ್ ಜೆಂಕಿನ್ಸ್. ಕೋಚ್ ಟಾಮಿ ಗಾರ್ಮನ್ ಕೂಡ ಹೊರಟು, ಮುಂದಿನ ವರ್ಷ ಮಾಂಟ್ರಿಯಲ್ ಮರೂನ್ಸ್‌ಗೆ ಕಪ್ ಗೆದ್ದುಕೊಟ್ಟ.

ಶಿಕಾಗೊ ಮತ್ತೆ ಕಪ್ ಗೆದ್ದದ್ದು 1938ರಲ್ಲಿ. ಆಗಲೂ ಬದಲಿ ಗೋಲ್‌ಕೀಪರ್ ಇರಲಿಲ್ಲ. ಫೈನಲ್‌ಗೆ ಮುಂಚೆ ಮೈಕ್ ಕರಾಕಸ್‌ನ ಕಾಲ್ಬೆರಳು ಮುರಿಯಿತು. ಟೊರೊಂಟೊದಲ್ಲಿ ಸಿಕ್ಕ ಆಲ್ಫಿ ಮೂರ್ ಅನ್ನುವವನನ್ನು ಎಳೆದು ತಂದು ಮೊದಲ ಪಂದ್ಯಕ್ಕೆ ನಿಲ್ಲಿಸಿದರು. 3–1ರಿಂದ ಗೆದ್ದರು. ಆ ಸರಣಿಯಲ್ಲಿ ಮೂರ್ ಆಡಿದ್ದು ಅದೊಂದೇ ಪಂದ್ಯ.